ಹೆಸರು ಅಳಿಸಿತು, ನಂಬರ್ ಅಲ್ಲೇ ಇತ್ತು

ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದ ಆಫೀಸಿನಿಂದ ಗೆಳೆಯನ ಫೋನ್. ಲೆಕ್ಕ ಇಡುವ ಉಬುಂಟು (ಲಿನಕ್ಸಿನ ಒಂದು ಬಗೆ) ಕಂಪ್ಯೂಟರಿನಲ್ಲಿ ‘ಪೋಸ್ಟ್‌ಗ್ರೆಸ್’ ಅನ್ನುವ ಬಳಕೆದಾರ ಕಂಡನಂತೆ. ತೋಟದಲ್ಲಿ ಆ ಹೆಸರಿನವರು ಯಾರೂ ಇಲ್ಲ, ಕಳ್ಳನೇ ಇರಬೇಕು! ಅಳಿಸಲು ಹೋದರೆ ‘ಬಳಕೆಯಲ್ಲಿದೆ’ ಎಂದು ಲಿನಕ್ಸ್ ತಡೆಯಿತು. ಇವನು ಓಡುತ್ತಿದ್ದ ಡೇಟಾಬೇಸನ್ನೇ ನಿಲ್ಲಿಸಿ ಅಳಿಸಿದ. ಈಗ ಅದು ಮತ್ತೆ ಏಳುತ್ತಿಲ್ಲ. ಪೋಸ್ಟ್‌ಗ್ರೆಸ್ ಮನುಷ್ಯನಲ್ಲ, ಆ ಡೇಟಾಬೇಸ್ ಪ್ರೋಗ್ರಾಮಿನದೇ ಹೆಸರು; ಅದು ಓಡುವುದು ಅದೇ ಹೆಸರಿನ ಬಳಕೆದಾರನಾಗಿ.

‘ಫಾರ್ಮ್ಯಾಟ್ ಹೊಡೆಯಲಾ?’ ಎಂದ. ಈ ಮಾತು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಏನೇ ಆಗಲಿ, ಫಾರ್ಮ್ಯಾಟ್. ಬಾಗಿಲಿಗೆ ನಿಂಬೆಹಣ್ಣು ಕಟ್ಟುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

‘ನಿಮ್ಮ ಚೆಕ್‌ರೋಲ್ ತೆಗಿ’ ಎಂದೆ. ಅದು ಕೆಲಸದವರ ಹೆಸರು, ನಂಬರ್ ಇರುವ ಪುಸ್ತಕ. ಕೊಯ್ಲಿನ ಸಂಜೆ ತೂಕಕ್ಕೆ ಬರುವ ಚೀಲದ ಮೇಲೆ 115 ಎಂದಷ್ಟೇ ಬರೆದಿದೆ ಅಂದುಕೊಳ್ಳಿ. 115 ಯಾರು ಅನ್ನುವುದು ಪುಸ್ತಕದಲ್ಲಿದೆ. ಪುಸ್ತಕದ ಆ ಸಾಲು ಹರಿದರೆ ಚೀಲದೊಳಗಿನ ಹಣ್ಣು ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? ಪಹಣಿಯಲ್ಲಿ ಹೆಸರು ತಪ್ಪಿದರೂ ಸರ್ವೆ ನಂಬರಿನ ಗದ್ದೆ ಅಲ್ಲೇ ಇರುತ್ತದೆ. ಲಿನಕ್ಸಿನಲ್ಲೂ ಹಾಗೇ. ಫೈಲಿನ ಜೊತೆ ಒಡೆಯನ ಹೆಸರು ಇರುವುದೇ ಇಲ್ಲ, ನಂಬರ್ ಮಾತ್ರ. ಹೆಸರು ಇರುವುದು ಇಟಿಸಿ ಫೋಲ್ಡರಿನ ‘ಪಾಸ್‌ಡಬ್ಲ್ಯೂಡಿ’ ಪಟ್ಟಿಯಲ್ಲಿ. ಪಟ್ಟಿಯಲ್ಲಿ ಸಾಲಿಲ್ಲದಿದ್ದರೆ, ಹೆಸರು ಕಾಣಬೇಕಾದ ಜಾಗದಲ್ಲಿ ಬರೀ ನಂಬರ್ ಕಾಣುತ್ತದೆ.

ಇದು ತುಂಬ ಹಳೆಯ ಜಿಪುಣತನ. 1971ರ ಯುನಿಕ್ಸ್ ಕೈಪಿಡಿಯಲ್ಲೇ ಈ ಪಟ್ಟಿ ಇದೆ. ಆಗ ಒಡೆಯನ ನಂಬರಿಗೆ ಒಂದೇ ಬೈಟ್ (8 ಬಿಟ್) ಜಾಗ. ಲಿನಕ್ಸ್ 2001ರಲ್ಲಿ, 2.4 ಆವೃತ್ತಿಯಲ್ಲಿ, ಅದನ್ನು 32 ಬಿಟ್‌ಗೆ ಹಿಗ್ಗಿಸಿತು. ಜಾಗ ದೊಡ್ಡದಾಯಿತು, ಹೆಸರು ಮಾತ್ರ ಇವತ್ತಿಗೂ ಫೈಲಿನ ಹತ್ತಿರ ಸುಳಿದಿಲ್ಲ.

ಹಾಗಾದರೆ ಅದೇ ಹೆಸರಲ್ಲಿ ಹೊಸ ಬಳಕೆದಾರನನ್ನು ಮಾಡಿದರೆ ಆಯ್ತಲ್ಲ? ಇಲ್ಲ, ಎಡವಟ್ಟಾಗುವುದು ಅಲ್ಲೇ. ಸುಮ್ನೆ ಮಾಡಿದರೆ ಬೇರೆ ನಂಬರ್ ಸಿಗಬಹುದು. ಡೇಟಾ ಫೋಲ್ಡರಿನ ಒಡೆಯ 115, ಬಾಗಿಲು ತಟ್ಟುವವನು 999. ಒಡೆಯ ಬೇರೆಯಾದರೆ ಪೋಸ್ಟ್‌ಗ್ರೆಸ್ ಏಳುವುದೇ ಇಲ್ಲ. ಇದಕ್ಕಿಂತ ಕೆಟ್ಟದ್ದೂ ಇದೆ. ಖಾಲಿಯಾದ 115 ಮುಂದೆ ಯಾವುದೋ ಪ್ರೋಗ್ರಾಮಿಗೆ ಸಿಕ್ಕರೆ, ಹಳೆಯ ಫೈಲುಗಳೆಲ್ಲ ಸದ್ದಿಲ್ಲದೆ ಅದರ ಪಾಲು.

ಅಳಿಸುವ ಮೊದಲು ಲಿನಕ್ಸ್ ಪಟ್ಟಿಯ ಹಳೆಯ ಪ್ರತಿಯೊಂದನ್ನು ಪಕ್ಕದಲ್ಲೇ ಇಟ್ಟಿರುತ್ತದೆ. ಹೆಸರು ಅದೇ, ಕೊನೆಗೊಂದು ಅಡ್ಡಗೆರೆ (-) ಜಾಸ್ತಿ. ಪಾಸ್‌ಡಬ್ಲ್ಯೂಡಿ, ಪಾಸ್‌ವರ್ಡ್ ಇಡುವ ಶ್ಯಾಡೋ, ಗುಂಪುಗಳ ಪಟ್ಟಿಯಾದ ಗ್ರೂಪ್, ಅದರ ಜೋಡಿ ಜಿ‌ಶ್ಯಾಡೋ ನಾಲ್ಕಕ್ಕೂ ಇದೆ. ಆದರೆ ಒಂದೇ ಹೆಜ್ಜೆ ಹಿಂದಿನದು. ಗಾಬರಿಯಲ್ಲಿ ಇನ್ನೊಬ್ಬ ಬಳಕೆದಾರನನ್ನು ಸೇರಿಸಿದರೆ ಅದರ ಮೇಲೆ ಹೊಸದು ಬಂದು ಕೂರುತ್ತದೆ. ಹಾಗಾಗಿ ಮೊದಲು ಆ ನಾಲ್ಕನ್ನೂ ಬೇರೆಡೆ ನಕಲು ಮಾಡಿಸಿದೆ. ಆ ಪ್ರತಿಯೂ ಹೋಗಿದ್ದರೆ? ಫೈಲುಗಳ ಮೇಲಿನ ನಂಬರ್ ನೋಡಿ, ಅದೇ ನಂಬರ್ ಕೊಟ್ಟು ಬಳಕೆದಾರನನ್ನು ಮಾಡಬೇಕು. ಪುಣ್ಯಕ್ಕೆ ಇವನು ಅಳಿಸುವಾಗ ‘ಹೋಮ್ ಫೋಲ್ಡರನ್ನೂ ತೆಗೆ’ ಎಂದು ಹೇಳಿರಲಿಲ್ಲ. ಪೋಸ್ಟ್‌ಗ್ರೆಸ್‌ನ ಹೋಮ್ ಒಳಗೇ ಡೇಟಾ ಇರುತ್ತದೆ. ಅದು ಹೋಗಿದ್ದರೆ ಬ್ಯಾಕಪ್ ಒಂದೇ ಗತಿ.

ಪೋಸ್ಟ್‌ಗ್ರೆಸ್ ಸಾಲುಗಳನ್ನು ವಾಪಸ್ ಹಾಕಿದೆವು. ನಂಬರಿದ್ದ ಕಡೆ ಹೆಸರು ಬಂತು. ಡೇಟಾಬೇಸ್ ಮಾತ್ರ ಏಳಲಿಲ್ಲ!

ಡೇಟಾಬೇಸ್ ತನ್ನ ತೊಂದರೆ ಬರೆದಿಡುವ ಲಾಗ್ ಓದಿಸಿದೆ. ಸರ್ಟಿಫಿಕೇಟಿನ ಕೀ ಓದಲು ಅನುಮತಿ ಇಲ್ಲವಂತೆ. ಹಳೆಯ ಗ್ರೂಪ್ ಪ್ರತಿ ಬಿಚ್ಚಿದರೆ, ಆ ಕೀ ಓದಲು ಅನುಮತಿ ಇರುವ ‘ಎಸ್‌ಎಸ್‌ಎಲ್-ಸರ್ಟ್’ ಗುಂಪಿನ ಸಾಲಿನ ಕೊನೆಯಲ್ಲಿ ಕೂತಿದ್ದಾನೆ ನಮ್ಮ ಪೋಸ್ಟ್‌ಗ್ರೆಸ್. ಅಳಿಸುವಾಗ ಅಲ್ಲಿಂದಲೂ ಹೆಸರು ಹೋಗಿತ್ತು, ನಾವು ಗಮನಿಸಿರಲಿಲ್ಲ. ಆ ಹೆಸರು ಸೇರಿಸಿ ಸ್ಟಾರ್ಟ್ ಕೊಟ್ಟ. ‘ಬಂತು ಮಾರಾಯ’ ಎಂದ. ಅಷ್ಟರಲ್ಲಿ ಕರೆಂಟ್ ಹೋಯಿತು.