ಮಗುವಿಗೆ 'ಜೋರಾಗಿ ಹೊಡಿ' ಅನ್ನಬೇಡಿ

ಬೇಲಿಯ ಆಚೆ ನಿಂತು "ಜೋರಾಗಿ ಹೊಡಿಯೋ ಪುಟ್ಟಾ" ಅಂತ ಕೂಗುವ ಅಪ್ಪಂದಿರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅಮ್ಮಂದಿರೂ ಕೂಗುತ್ತಾರೆ. ಆದರೆ ಅವರು ಹೆಚ್ಚಾಗಿ "ನೋಡ್ಕೊಂಡು ಹೊಡಿ" ಅನ್ನುತ್ತಾರೆ. ಅದು ಎಷ್ಟೋ ವಾಸಿ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮಕ್ಕಳಿಗೆ ಬೇಸ್‌ಬಾಲ್ ಬ್ಯಾಟಿಂಗ್ ಹೇಳಿಕೊಡುವುದು ನನ್ನ ಕೆಲಸ. ಫ್ರೀಮಾಂಟ್, ಡಬ್ಲಿನ್, ಸ್ಯಾನ್ ರಮೋನ್ ಕಡೆಯಿಂದ ಕನ್ನಡದ ಮನೆಯ ಮಕ್ಕಳು ಈಗೀಗ ಜಾಸ್ತಿ ಬರುತ್ತಿದ್ದಾರೆ. ನನಗೆ ಬಹಳ ಖುಷಿ. ಇವರ ಅಪ್ಪಂದಿರು ದಾವಣಗೆರೆಯಲ್ಲೋ ಜಯನಗರದಲ್ಲೋ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರು. ಆಟ ಅಂದರೆ ಪ್ರಾಣ. ಶನಿವಾರ ಬೆಳಿಗ್ಗೆ ನಿದ್ದೆ ಬಿಟ್ಟು ಮಗನ ಜೊತೆ ಮಗಳ ಜೊತೆ ಬಂದು ನಿಲ್ಲುತ್ತಾರೆ. ಅದಕ್ಕೇ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಮನಸ್ಸು ಬರುವುದಿಲ್ಲ. ಆದರೂ ಈ ಒಂದು ಮಾತು ಮಾತ್ರ ನಿಲ್ಲಬೇಕು.

ಆ ಕೂಗು ಕಿವಿಗೆ ಬಿದ್ದ ತಕ್ಷಣ ಮಗುವಿನ ಮೈಯಲ್ಲಿ ಏನಾಗುತ್ತದೆ ಅನ್ನುವುದನ್ನು ನಾನು ಪಕ್ಕದಲ್ಲೇ ನಿಂತು ನೋಡುತ್ತೇನೆ. ಬೆರಳುಗಳು ಹಿಡಿಕೆಯನ್ನು ಹಿಂಡುತ್ತವೆ. ಮುಂಗೈ ಮರಗಟ್ಟುತ್ತದೆ. ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ. ಪಿಚರ್ (ಕ್ರಿಕೆಟ್‌ನ ಬೌಲರ್ ಥರ ಚೆಂಡು ಎಸೆಯುವವನು) ಚೆಂಡು ಬಿಟ್ಟಾಗ ಮೊದಲು ಹೊರಡುವುದು ಕೈ. ಸೊಂಟ ಹಿಂದೆ ಉಳಿಯುತ್ತದೆ, ಇಲ್ಲವೇ ಅಲ್ಲಾಡುವುದೇ ಇಲ್ಲ. ಬ್ಯಾಟು ಬಂದು ತಾಗುವ ಹೊತ್ತಿಗೆ ಅದರಲ್ಲಿ ಇರುವುದು ಎರಡು ತೋಳಿನ ಬಲ ಅಷ್ಟೇ. ಹನ್ನೆರಡು ವರ್ಷದ ಹುಡುಗನ ತೋಳಲ್ಲಿ ಎಷ್ಟು ಬಲ ಇರುತ್ತದೆ ಹೇಳಿ? ಚೆಂಡು ಸೆಕೆಂಡ್ ಬೇಸ್‌ಮನ್ ಅನ್ನುವ ಫೀಲ್ಡರ್ ಕಡೆ ಉರುಳಿಕೊಂಡು ಹೋಗುತ್ತದೆ. ಬೇಲಿಯ ಆಚೆಯಿಂದ ಮತ್ತೆ ಅದೇ ಕೂಗು, ಇನ್ನೂ ಜೋರಾಗಿ.

ಬಲ ಹುಟ್ಟುವುದು ನೆಲದಿಂದ. ಕಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಅದು ಎದೆಯನ್ನು ಎಳೆಯುತ್ತದೆ, ಎದೆ ತೋಳನ್ನು ಎಳೆಯುತ್ತದೆ, ತೋಳು ಬ್ಯಾಟನ್ನು. ಒಂದರ ಹಿಂದೆ ಒಂದು. ಪ್ರತಿ ಭಾಗವೂ ತನ್ನ ವೇಗವನ್ನು ಮುಂದಿನದಕ್ಕೆ ಕೊಟ್ಟು ತಾನು ನಿಧಾನವಾಗುತ್ತದೆ. ಈ ಸರದಿ ತಪ್ಪಿದರೆ ಎಷ್ಟು ಬಲ ಇದ್ದರೂ ಬ್ಯಾಟಿನ ತುದಿಗೆ ತಲುಪುವುದಿಲ್ಲ.

ಕಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ನೆಂದ ಸೀರೆಯನ್ನು ಬರೀ ಮೊಣಕೈಯಲ್ಲಿ ಬಡಿದರೆ ಸದ್ದೇ ಬರುವುದಿಲ್ಲ. ಕೈ ಪಳಗಿದವರು ಮೈಯನ್ನು ಮೊದಲು ತಿರುಗಿಸುತ್ತಾರೆ. ಸೀರೆ ಇನ್ನೂ ಬೆನ್ನ ಹಿಂದೆಯೇ ಇರುತ್ತದೆ. ತುದಿ ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ವೇಗವಾಗಿ ಬಂದು ಕಲ್ಲಿಗೆ ಬೀಳುತ್ತದೆ.

ಇಷ್ಟು ಹೇಳಿದ ಮೇಲೂ "ಸರಿ ಸರ್, ಆದ್ರೂ ಚೆಂಡು ತಾಗುವಾಗ ಕೈಯಲ್ಲಿ ಒಂದು ಒತ್ತು ಕೊಡಬೇಕಲ್ವಾ?" ಅಂತ ಕೇಳುತ್ತಾರೆ. ಬೇಡ. ಕೊಟ್ಟರೂ ಪ್ರಯೋಜನವಿಲ್ಲ. ಚೆಂಡು ಬ್ಯಾಟಿಗೆ ಅಂಟಿಕೊಂಡಿರುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ತಾಗಿತು ಅನ್ನುವ ಸುದ್ದಿ ಕೈಯಿಂದ ಮೆದುಳಿಗೆ ಹೋಗುವಷ್ಟರಲ್ಲಿ ಚೆಂಡು ಎಷ್ಟೋ ದೂರ ಹೋಗಿರುತ್ತದೆ. ಆ ಗಳಿಗೆಯಲ್ಲಿ ಹಿಡಿಕೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೀರಿ ಅನ್ನುವುದು ಚೆಂಡಿನ ವೇಗಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಬ್ಯಾಟಿಗೆ ಏನು ವೇಗ ಕೊಡಬೇಕೋ ಅದನ್ನು ತಾಗುವ ಮೊದಲೇ ಕೊಟ್ಟಿರಬೇಕು. ಆಮೇಲಿನ ಫಾಲೋ ಥ್ರೂ ಹೊಡೆತ ಹೇಗಿತ್ತು ಅನ್ನುವುದರ ಗುರುತು ಮಾತ್ರ.

ಲೆಕ್ಕ ಬೇಕು ಅನ್ನುವ ಇಂಜಿನಿಯರ್ ಅಪ್ಪಂದಿರು ನನ್ನಲ್ಲಿ ಬಹಳ. ಅವರಿಗೆ ಇಲ್ಲಿದೆ. ಮರದ ಬ್ಯಾಟಿನ ಸರಿಯಾದ ಜಾಗದಲ್ಲಿ ತಾಗಿದಾಗ ಚೆಂಡು ಹೊರಡುವ ವೇಗ ಎಂದರೆ, ಬಂದ ಚೆಂಡಿನ ವೇಗದ ಸುಮಾರು 0.2 ಪಾಲು ಮತ್ತು ಬ್ಯಾಟಿನ ವೇಗದ ಸುಮಾರು 1.2 ಪಾಲು ಸೇರಿದ್ದು. ಗಂಟೆಗೆ 90 ಮೈಲಿಯಲ್ಲಿ ಬಂದ ಚೆಂಡನ್ನು 70 ಮೈಲಿಯ ಬ್ಯಾಟು ಹೊಡೆದರೆ 18 ಕೂಡಿಸು 84, ಅಂದರೆ 102 ಮೈಲಿ. ಪಿಚರ್ ಕೊಡುವ ಒಂದು ಮೈಲಿಗಿಂತ ನೀವು ಬ್ಯಾಟಿಗೆ ಸೇರಿಸುವ ಒಂದು ಮೈಲಿಗೆ ಆರು ಪಟ್ಟು ಬೆಲೆ. ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ಮೇಜರ್ ಲೀಗಿನವರು 2024ರಿಂದ ಪ್ರತಿ ಆಟಗಾರನ ಬ್ಯಾಟ್ ವೇಗವನ್ನು ಎಲ್ಲರಿಗೂ ತೋರಿಸುತ್ತಿದ್ದಾರೆ. ಸರಾಸರಿ 72 ಮೈಲಿಯ ಹತ್ತಿರ. ಜಿಯಾನ್‌ಕಾರ್ಲೊ ಸ್ಟ್ಯಾಂಟನ್ 81ರ ಆಸುಪಾಸು.

ಸ್ಟ್ಯಾಂಟನ್ ಆರೂವರೆ ಅಡಿಯ ಆಳು. ಹೆಸರು ಹೇಳಿದ ಕೂಡಲೇ "ನಮ್ಮ ಮಕ್ಕಳು ಸಣ್ಣಗಿದ್ದಾರಲ್ಲ ಸರ್" ಅನ್ನುತ್ತಾರೆ. ಮುಕೀ ಬೆಟ್ಸ್ ಆರು ಅಡಿಯೂ ಇಲ್ಲ. 2023ರಲ್ಲಿ 39 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಹೊಡೆದರು. ಮೈ ದೊಡ್ಡದಿದ್ದರೆ ಅನುಕೂಲ ಇದ್ದೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಸಣ್ಣ ಮೈಯವನಿಗೆ ಸರದಿ ಇನ್ನೂ ಮುಖ್ಯ, ಅವನಿಗೆ ಪೋಲು ಮಾಡಲು ಬಲ ಜಾಸ್ತಿ ಇರುವುದಿಲ್ಲ.

ಹೋದ ಸೀಸನ್‌ನಲ್ಲಿ ಒಬ್ಬ ಅಪ್ಪ ಬಂದಿದ್ದರು. ಬಂದವರೇ, "ಸರ್, ಇವನ ಕೈಗೆ ಬಲ ಬರೋಕೆ ಏನಾದ್ರೂ ಎಕ್ಸರ್‌ಸೈಜ್ ಹೇಳಿ, ಡಂಬೆಲ್ ತಂದಿಟ್ಟಿದ್ದೀನಿ" ಅಂದರು. "ಡಂಬೆಲ್ ಇರಲಿ" ಅಂದು ಹುಡುಗನ ಕೈಗೆ ಒಂದು ಚೆಂಡು ಕೊಟ್ಟು ಎದುರಿನ ಬಲೆಗೆ ಎಸೆಯಲು ಹೇಳಿದೆ. ಎಸೆದ. ಎಷ್ಟು ಚೆನ್ನಾಗಿ ಎಸೆದ ಗೊತ್ತಾ? ಎಡಗಾಲು ಮುಂದೆ ಇಟ್ಟ, ಸೊಂಟ ತಿರುಗಿತು, ಎದೆ ಬಂತು, ಕೈ ಕೊನೆಗೆ ಬಂತು. "ಹೀಗೆ ಎಸೆಯೋಕೆ ಯಾರು ಹೇಳಿಕೊಟ್ಟಿದ್ದು?" ಅಂದೆ. "ಯಾರೂ ಇಲ್ಲ" ಅಂದ. ಬ್ಯಾಟು ಕೊಟ್ಟು, "ಇದನ್ನೂ ಹಾಗೇ ಎಸಿ, ಆದರೆ ಕೈ ಬಿಡಬೇಡ" ಅಂದೆ. ಟೀ ಅನ್ನುವ ಪುಟ್ಟ ಕಂಬದ ಮೇಲಿಟ್ಟ ಚೆಂಡು ಬಲೆಗೆ ಬಡಿದ ಸದ್ದಿಗೆ ಪಕ್ಕದ ಕೇಜಿನವರು ತಿರುಗಿ ನೋಡಿದರು. ಹುಡುಗ ನಕ್ಕ. ಅಪ್ಪನೂ ನಕ್ಕರು. "ಅರ್ಥ ಆಯ್ತು ಸರ್, ಈಗ ಅರ್ಥ ಆಯ್ತು" ಅಂದರು. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಆ ಡಂಬೆಲ್ ಎಷ್ಟು ಪೌಂಡಿಂದು ಇರಬೇಕು?" ಅಂದರು.

ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ. ಸೊಂಟ ಹೊರಡಲಿ, ಕೈ ಕಾಯಲಿ. ಇದನ್ನು ನೀವೇ ಮನೆಯಲ್ಲಿ ನೋಡಬಹುದು. ಫೋನಿನಲ್ಲಿ ಸ್ಲೋ ಮೋಷನ್ ಇಟ್ಟು ಮಗುವಿನ ಎದೆಯ ಕಡೆಯಿಂದ ವಿಡಿಯೋ ತೆಗೆಯಿರಿ. ಬೆನ್ನ ಕಡೆಯಿಂದ ತೆಗೆದರೆ ಏನೂ ಕಾಣುವುದಿಲ್ಲ. ಮುಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ಊರಿದ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ. ಕೈ ಎಲ್ಲಿದೆ? ಹಿಂದಿನ ಭುಜದ ಹತ್ತಿರವೇ ಇದ್ದು, ಬೆಲ್ಟಿನ ಬಕಲ್ ಮಾತ್ರ ಪಿಚರ್ ಕಡೆ ತಿರುಗಲು ಶುರುವಾಗಿದ್ದರೆ ಸರಿ ಇದೆ. ಕೈ ಆಗಲೇ ಎದೆಯ ಮುಂದೆ ಬಂದಿದ್ದರೆ ಬಲ ಅಲ್ಲೇ ಸೋರಿಹೋಯಿತು. ಆಮೇಲೆ ಏನು ಮಾಡಿದರೂ ಅಷ್ಟೇ. ಬೇರೇನನ್ನೂ ನೋಡಬೇಡಿ. ಮೊಣಕೈ ಎಷ್ಟು ಎತ್ತರ, ಬ್ಯಾಟು ಎಷ್ಟು ಓರೆ, ನಿಲ್ಲುವಾಗ ಮಂಡಿ ಎಷ್ಟು ಬಾಗಿದೆ, ಇವೆಲ್ಲ ಒಬ್ಬೊಬ್ಬರಿಗೆ ಒಂದೊಂದು ಥರ. ಒಳ್ಳೆಯ ಆಟಗಾರರು ನೂರು ಥರ ನಿಲ್ಲುತ್ತಾರೆ. ಕಾಲು ಊರಿದ ಆ ಒಂದು ಚಿತ್ರದಲ್ಲಿ ಮಾತ್ರ ಬಹುತೇಕ ಎಲ್ಲರೂ ಒಂದೇ ಥರ ಕಾಣುತ್ತಾರೆ.

ಇನ್ನು ಆ ಜಗಳ. ಮೇಲಕ್ಕೆ ಬೀಸಬೇಕೋ ಕೆಳಕ್ಕೋ? ಮೈ ತಿರುಗಿಸಬೇಕೋ, ತೂಕ ಮುಂದಕ್ಕೆ ತಳ್ಳಬೇಕೋ? ಕೋಚ್‌ಗಳು ಇದರ ಮೇಲೆ ಐವತ್ತು ವರ್ಷದಿಂದ ಕಿತ್ತಾಡುತ್ತಿದ್ದಾರೆ. 1941ರಲ್ಲಿ .406 ಸರಾಸರಿ (ಅಂದರೆ ಸಾವಿರ ಸಲಕ್ಕೆ 406 ಹಿಟ್ ಲೆಕ್ಕ) ಹೊಡೆದ ಟೆಡ್ ವಿಲಿಯಮ್ಸ್, ಸೊಂಟ ತಿರುಗಿಸಿ, ಸ್ವಲ್ಪ ಮೇಲ್ಮುಖವಾಗಿ ಬೀಸಿ ಅಂದರು. ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಆ ಸರಾಸರಿಗೆ ಅವರ ನಂತರ ಯಾರೂ ಮುಟ್ಟಿಲ್ಲ. ಕಾನ್ಸಾಸ್ ಸಿಟಿಯಲ್ಲಿ ಜಾರ್ಜ್ ಬ್ರೆಟ್‌ಗೆ ಹೇಳಿಕೊಟ್ಟ ಚಾರ್ಲಿ ಲಾವ್, ತೂಕ ಹಿಂಗಾಲಿನಿಂದ ಮುಂಗಾಲಿಗೆ ಹೋಗಬೇಕು ಅಂದರು. ಬ್ರೆಟ್ 1980ರಲ್ಲಿ .390 ಹೊಡೆದರು. ಎರಡೂ ಕಡೆ ದೊಡ್ಡವರೇ ಇದ್ದಾರೆ. ನನಗೆ ಕಾಣುವುದು ಇಷ್ಟು: ತೂಕ ಮುಂದೆ ಬರದೆ ಸೊಂಟ ಚೆನ್ನಾಗಿ ತಿರುಗುವುದಿಲ್ಲ, ಸೊಂಟ ತಿರುಗದೆ ತೂಕ ಮುಂದೆ ಬಂದು ಉಪಯೋಗವಿಲ್ಲ. ಎರಡರಲ್ಲೂ ಕೈ ಕೊನೆಗೇ ಬರಬೇಕು. ಹಿಂಗಾಲಿನ ಕೆಳಗೆ ಹುಳ ಹೊಸಕಿದ ಹಾಗೆ ಪಾದ ತಿರುಗಿಸು ಅಂತ ಕೆಲವರು ಇನ್ನೂ ಹೇಳಿಕೊಡುತ್ತಾರೆ. ನಾನು ಹೇಳಿಕೊಡುವುದಿಲ್ಲ. ಸೊಂಟ ಎಳೆದಾಗ ಪಾದ ತಾನೇ ತಿರುಗುತ್ತದೆ. ದೊಡ್ಡ ಆಟಗಾರರ ಹಿಂಗಾಲಿನ ಮೇಲೆ ಆ ಹೊತ್ತಿಗೆ ಭಾರವೇ ಇರುವುದಿಲ್ಲ, ಹೆಬ್ಬೆರಳ ತುದಿ ಮಾತ್ರ ನೆಲ ಮುಟ್ಟಿರುತ್ತದೆ.

ಮೇಲಕ್ಕೋ ಕೆಳಕ್ಕೋ ಅನ್ನುವಲ್ಲಿ ಮಾತ್ರ ನಮ್ಮ ಕ್ರಿಕೆಟ್ ಅಪ್ಪಂದಿರಿಗೆ ಒಂದು ಮಾತು ಹೇಳಲೇಬೇಕು. "ನೆಲಕ್ಕೆ ಆಡು, ಕ್ಯಾಚ್ ಹೋಗಲ್ಲ" ಅಂತ ನಾವೆಲ್ಲ ಕಲಿತಿದ್ದು. ಕ್ರಿಕೆಟ್‌ನಲ್ಲಿ ಚೆಂಡು ಪುಟಿದು ಮೇಲಕ್ಕೆ ಏಳುತ್ತದೆ. ಹೊಡೆದ ಮೇಲೆ ಓಡಲೇಬೇಕು ಅಂತಿಲ್ಲ. ಇಲ್ಲಿ ಪುಟಿಯುವುದೇ ಇಲ್ಲ. 10 ಇಂಚು ಎತ್ತರದ ದಿಬ್ಬದ ಮೇಲಿಂದ ಬಿಟ್ಟ ವೇಗದ ಚೆಂಡು ಸುಮಾರು 6 ಡಿಗ್ರಿ ಕೆಳಮುಖವಾಗಿ ಬರುತ್ತದೆ. ಕರ್ವ್ (ಬಾಗುತ್ತಾ ಕೆಳಗೆ ಬೀಳುವ ಚೆಂಡು) ಆದರೆ ಇನ್ನೂ ಜಾಸ್ತಿ. ಆ ದಾರಿಗೆ ಬ್ಯಾಟು ಎದುರಾಗಬೇಕಾದರೆ ಅಷ್ಟೇ ಸ್ವಲ್ಪ ಮೇಲಕ್ಕೆ ಬರಬೇಕು. ಕೆಳಕ್ಕೆ ಕಡಿದರೆ ಎರಡು ದಾರಿಗಳೂ ಒಂದೇ ಚುಕ್ಕೆಯಲ್ಲಿ ಹಾದುಹೋಗುತ್ತವೆ, ಚೂರು ಹೊತ್ತು ತಪ್ಪಿದರೂ ಮುಗಿಯಿತು. ಚಿಕ್ಕ ಮಕ್ಕಳಲ್ಲಿ ಗ್ರೌಂಡ್ ಬಾಲ್ (ನೆಲದ ಮೇಲೆ ಉರುಳುವ ಚೆಂಡು) ಹೊಡೆದವನು ಬಚಾವಾಗುತ್ತಾನೆ, ನಿಜ. ಯಾಕೆಂದರೆ ಎರಡನೇ ಮೂರನೇ ಬೇಸ್ ನಡುವೆ ನಿಲ್ಲುವ ಹತ್ತು ವರ್ಷದ ಶಾರ್ಟ್‌ಸ್ಟಾಪ್ ಚೆಂಡು ಕೈಚೆಲ್ಲುತ್ತಾನೆ. ಅದನ್ನು ನೋಡಿ ಅಪ್ಪ ಇದೇ ಸರಿ ಅಂದುಕೊಳ್ಳುತ್ತಾರೆ. ಮಕ್ಕಳು ದೊಡ್ಡವರಾಗಿ ಪಿಚಿಂಗ್ ದೂರ 46 ಅಡಿಯಿಂದ 60 ಅಡಿ 6 ಇಂಚಿಗೆ, ಬೇಸ್‌ಗಳ ದೂರ 60ರಿಂದ 90 ಅಡಿಗೆ ಹೋದ ಮೇಲೆ ಶಾರ್ಟ್‌ಸ್ಟಾಪ್ ಕೈಚೆಲ್ಲುವುದನ್ನು ನಿಲ್ಲಿಸುತ್ತಾನೆ.

ಹಾಗಂತ ಲಾಂಚ್ ಆಂಗಲ್ (ಚೆಂಡು ಬ್ಯಾಟಿನಿಂದ ಮೇಲೇಳುವ ಕೋನ) ಹುಚ್ಚೂ ಬೇಡ. 26ರಿಂದ 30 ಡಿಗ್ರಿಗೆ ಎತ್ತಿ ಅನ್ನುವ ಆ ಅಂಕಿ ಕನಿಷ್ಠ 98 ಮೈಲಿಯಲ್ಲಿ ಹೊಡೆಯುವವರಿಗೆ. ನಿಮ್ಮ ಮಗಳು 55 ಮೈಲಿಯಲ್ಲಿ ಅದೇ ಕೋನಕ್ಕೆ ಎತ್ತಿದರೆ 200 ಅಡಿಯ ಬೇಲಿ ತಲುಪುವುದಿಲ್ಲ, ಸೆಂಟರ್ ಫೀಲ್ಡರ್ ಕೈಗೆ ಹೋಗಿ ಕೂರುತ್ತದೆ. ಮೊದಲು ವೇಗ ಬರಲಿ. ಎಲ್ಲರೂ ಹೋಮ್ ರನ್ ಹೊಡೆಯಲೇಬೇಕು ಅಂತೇನೂ ಇಲ್ಲ. ಲೂಯಿಸ್ ಅರಾಯೆಜ್ ಅವರ ಬ್ಯಾಟ್ ವೇಗ ಮೇಜರ್ ಲೀಗಿನಲ್ಲೇ ಅತಿ ಕಡಿಮೆ ಇರುವವರ ಸಾಲಿನಲ್ಲಿದೆ. ಆದರೂ 2022, 2023, 2024, ಮೂರು ವರ್ಷವೂ ತಮ್ಮ ಲೀಗಿನ ಬ್ಯಾಟಿಂಗ್ ಪಟ್ಟ (ಅತಿ ಹೆಚ್ಚು ಸರಾಸರಿ) ಅವರದೇ.

ಬ್ಯಾಟಿನ ವಿಷಯ. ಒಳ್ಳೆಯ ಬ್ಯಾಟಿಗೆ 300 ಡಾಲರ್ ಮೇಲಾಗುತ್ತದೆ, ಹಾಗಾಗಿ ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡದು ತರುತ್ತೇವೆ. ಅರ್ಥವಾಗುತ್ತದೆ. ಆದರೆ ಭಾರ ತಡೆಯದ ಮಗು ಬ್ಯಾಟು ಎಳೆಯಲು ಕೈಯನ್ನೇ ಮೊದಲು ಬಿಡುತ್ತದೆ. ನಾನು ತಿದ್ದಿದ್ದೆಲ್ಲ ಒಂದೇ ವಾರದಲ್ಲಿ ಹೋಗುತ್ತದೆ. ಹನ್ನೆರಡರ ಒಳಗಿನವರಿಗೆ ಸಾಮಾನ್ಯವಾಗಿ ಡ್ರಾಪ್ 10 ಸಾಕು, ಅಂದರೆ 30 ಇಂಚಿನ ಬ್ಯಾಟು 20 ಔನ್ಸ್. ಸಣ್ಣ ಮೈಯವರಿಗೆ ಅದಕ್ಕಿಂತ ಹಗುರ. ಆಡಲು ಇಳಿಯುವ ಮೊದಲು ಬ್ಯಾಟಿಗೆ ಭಾರದ ಬಳೆ ಸಿಕ್ಕಿಸಿ ಬೀಸುವುದೂ ಬೇಡ. ತೆಗೆದ ಮೇಲೆ ಬ್ಯಾಟು ಹಗುರ ಅನ್ನಿಸುತ್ತದೆ, ಅಳೆದು ನೋಡಿದರೆ ವೇಗ ಹೆಚ್ಚಿರುವುದಿಲ್ಲ, ಎಷ್ಟೋ ಸಲ ಕಡಿಮೆಯೇ ಆಗಿರುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ನಾನು ಡಾಕ್ಟರಲ್ಲ. ಆದರೆ ಬೆಳೆಯುವ ಮಕ್ಕಳು ದಿನವೂ ಒಂದೇ ಕಡೆಗೆ ಮೈ ತಿರುಚಿದರೆ ಬೆನ್ನಿನ ಕೆಳಭಾಗದ ಎಲುಬಿನಲ್ಲಿ ಸಣ್ಣ ಬಿರುಕು ಬರಬಹುದು. ಹಿಂದಕ್ಕೆ ಬಾಗಿದಾಗ ನೋವು ಅಂತ ಮಗು ಹೇಳಿದರೆ, ಅಥವಾ ಆಡಿದ ಮಾರನೇ ದಿನವೂ ನೋವು ಇದ್ದರೆ, ಎಣ್ಣೆ ತಿಕ್ಕಿ ಸುಮ್ನೆ ಆಗಬೇಡಿ. ಮಕ್ಕಳ ಮೂಳೆ ಡಾಕ್ಟರಿಗೆ ತೋರಿಸಿ. ಅವರು ಸರಿ ಅನ್ನುವವರೆಗೆ ಬ್ಯಾಟು ಮುಟ್ಟಿಸಬೇಡಿ. ತಿಂಗಳ ಫೀಸು ಕಟ್ಟಿಬಿಟ್ಟಿದ್ದೇವೆ ಅಂತ ನೋವಿನಲ್ಲೇ ಕರೆದುಕೊಂಡು ಬರುವವರಿದ್ದಾರೆ. ಬರಬೇಡಿ. ಒಂದು ಮೆಸೇಜ್ ಹಾಕಿ ಸಾಕು, ಆ ದುಡ್ಡನ್ನು ಮಗು ವಾಪಸ್ ಬರುವ ತಿಂಗಳಿಗೆ ಬರೆದಿಟ್ಟುಕೊಳ್ಳುತ್ತೇನೆ.