ಟಿ-ಸ್ಪ್ಲಾಸ್ಟ್: ರಸ್ತೆಗೊಂದು ಪೆನ್ನಿ, ಪೆನ್ನಿಗೊಂದು ವೋಟು

ಟಿ-ಸ್ಪ್ಲಾಸ್ಟ್. ಮೊದಲ ಸಲ ಕೇಳಿದರೆ ಯಾವುದೋ ಪಾತ್ರೆ ತೊಳೆಯುವ ಪುಡಿಯ ಹೆಸರು ಅನ್ನಿಸುತ್ತದೆ. ಆದರೆ ಇದು ಒಂದು ತೆರಿಗೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅದರಲ್ಲೂ ಅಟ್ಲಾಂಟಾ ಸುತ್ತಮುತ್ತ ನೆಲೆಸಿರುವ ನಮ್ಮವರಿಗೆ ಈ ಪದ ಪರಿಚಿತ. ಚುನಾವಣೆ ಹತ್ತಿರ ಬಂದಾಗ ರಸ್ತೆ ಬದಿಯ ಪುಟ್ಟ ಬೋರ್ಡುಗಳ ಮೇಲೆ ಆಗಾಗ ಕಣ್ಣಿಗೆ ಬೀಳುತ್ತದೆ.

ಪೂರ್ತಿ ಹೆಸರು ಗೂಡ್ಸ್ ರೈಲಿನಷ್ಟು ಉದ್ದ: ಟ್ರಾನ್ಸ್‌ಪೋರ್ಟೇಶನ್ ಸ್ಪೆಷಲ್ ಪರ್ಪಸ್ ಲೋಕಲ್ ಆಪ್ಷನ್ ಸೇಲ್ಸ್ ಟ್ಯಾಕ್ಸ್. ಇದರ ಮೊದಲಕ್ಷರಗಳನ್ನು ಪೋಣಿಸಿದರೆ ಟಿ-ಸ್ಪ್ಲಾಸ್ಟ್. ಬಿಡಿಸಿ ಹೇಳಬೇಕೆಂದರೆ, ಸಾರಿಗೆಗೆಂದೇ ತೆಗೆದಿಟ್ಟ ಮಾರಾಟ ತೆರಿಗೆ, ಅದು ಬೇಕೋ ಬೇಡವೋ ಎಂದು ಆಯಾ ಜಾಗದ ಜನರೇ ವೋಟು ಹಾಕಿ ತೀರ್ಮಾನಿಸುತ್ತಾರೆ. 'ಟಿ' ಆಮೇಲೆ ಸೇರಿಕೊಂಡದ್ದು. ಬರೀ 'ಸ್ಪ್ಲಾಸ್ಟ್' ಜಾರ್ಜಿಯಾದಲ್ಲಿ 1985ರಿಂದಲೇ ಇದೆ. ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಕೋರ್ಟು ಕಟ್ಟಲು, ಜೈಲು ಕಟ್ಟಲು, ಪಾರ್ಕು ಮಾಡಲು ಜನರನ್ನು ಕೇಳಿ ಎತ್ತುವ ದುಡ್ಡು ಅದು. ಶಾಲೆಗಳಿಗೆ ಅಂತ ಬೇರೆ ಇದೆ, ಅದು ಇ-ಸ್ಪ್ಲಾಸ್ಟ್.

ಈ ಉದ್ದನೆಯ ಹೆಸರಿನಲ್ಲಿ ನಮಗೆ ವಿಚಿತ್ರ ಅನ್ನಿಸುವ ಪದ 'ಆಪ್ಷನ್'. ತೆರಿಗೆಯಲ್ಲಿ ಆಪ್ಷನ್ ಎಲ್ಲಿಂದ ಬಂತು ಅಲ್ವಾ? 2024ರ ಜೂನ್‌ನಲ್ಲಿ ಕರ್ನಾಟಕದಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ. 25.92ರಿಂದ ಶೇ. 29.84ಕ್ಕೆ ಏರಿತು. ಬಂಕಿಗೆ ಹೋದವರಿಗೆ ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿ. ಯಾರೂ ನಮ್ಮನ್ನು ಕೇಳಲಿಲ್ಲ, ಕೇಳುತ್ತಾರೆ ಅಂತ ನಾವೂ ಅಂದುಕೊಂಡಿರಲಿಲ್ಲ. ಬೈದುಕೊಂಡೇ ಟ್ಯಾಂಕ್ ತುಂಬಿಸಿಕೊಂಡು ಬಂದೆವು. ಜಾರ್ಜಿಯಾದಲ್ಲಿ ಇಂಥ ತೆರಿಗೆ ಹಾಕಬೇಕಾದರೆ ಬ್ಯಾಲೆಟ್ಟಿನಲ್ಲಿ ಪ್ರಶ್ನೆ ಮುದ್ರಿಸಿ, ಹೌದು ಅಥವಾ ಇಲ್ಲ ಅನ್ನುವ ಉತ್ತರ ಪಡೆಯಬೇಕು. ಕೇಳಲು ಎಷ್ಟು ಚೆನ್ನಾಗಿದೆ! ಕೇಳಿದಾಗ ಏನಾಯಿತು ಅನ್ನುವುದೇ ಈ ಪದದ ಅಸಲಿ ಕಥೆ.

ಅದಕ್ಕೆ ಮೊದಲು 'ಪೆನ್ನಿ' ವಿಚಾರ. ಅಲ್ಲಿನ ಅಂಗಡಿಯಲ್ಲಿ ಬೆಲೆಚೀಟಿಯ ಮೇಲೆ ತೆರಿಗೆ ಸೇರಿರುವುದಿಲ್ಲ. ಬಿಲ್ಲು ಹಾಕಿದಾಗಲೇ ಅದು ಕೆಳಗೆ ಒಂದು ಸಾಲಾಗಿ ಬರುತ್ತದೆ. ರಾಜ್ಯದ್ದು ಶೇ. 4, ಅದರ ಮೇಲೆ ಕೌಂಟಿಯದ್ದು ಒಂದೊಂದಾಗಿ ಕೂಡಿ ಕೆಲವು ಕಡೆ 6, ಕೆಲವು ಕಡೆ 7, ಅಟ್ಲಾಂಟಾ ನಗರದೊಳಗೆ ಆಗ 8 ಇತ್ತು. ಒಂದು ಡಾಲರಿಗೆ ನೂರು ಸೆಂಟು, ಶೇ. 1 ಅಂದರೆ ಒಂದು ಸೆಂಟು, ಅಂದರೆ ಒಂದು ಪೆನ್ನಿ. ಹಾಗಾಗಿ ಇದಕ್ಕೆ 'ಪೆನ್ನಿ ಟ್ಯಾಕ್ಸ್' ಅನ್ನುತ್ತಾರೆ. ಜಾಣ ಹೆಸರು. ಕೇಳಿದರೆ ಜೇಬಿನ ಮೂಲೆಯ ಚಿಲ್ಲರೆ ಅನ್ನಿಸಬೇಕು, ಅಷ್ಟೇ. 2012ರಲ್ಲಿ ಅಟ್ಲಾಂಟಾ ಪ್ರದೇಶಕ್ಕೆ ಲೆಕ್ಕ ಹಾಕಿದ್ದು ಏನು ಗೊತ್ತಾ? ಈ ಒಂದು ಪೆನ್ನಿಯಿಂದ 10 ವರ್ಷದಲ್ಲಿ ಸುಮಾರು 720 ಕೋಟಿ ಡಾಲರ್!

ಈಗ 2012ಕ್ಕೆ ಬರೋಣ. ಅಟ್ಲಾಂಟಾ ಅಂದರೆ ಟ್ರಾಫಿಕ್ಕು. ಬೆಂಗಳೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಾರ್ಟಾ ಎಂಬ ಮೆಟ್ರೋ ರೈಲು ಇದೆ, ಆದರೆ ಅದನ್ನು ಎರಡೇ ಕೌಂಟಿಗಳು, ಫುಲ್ಟನ್ ಮತ್ತು ಡಿಕಾಲ್ಬ್, 1970ರ ದಶಕದಿಂದ ತಮ್ಮ ಒಂದು ಪೆನ್ನಿ ಹಾಕಿ ಸಾಕಿಕೊಂಡು ಬಂದಿದ್ದವು. ಉತ್ತರಕ್ಕೆ ರೈಲು ನಾರ್ತ್ ಸ್ಪ್ರಿಂಗ್ಸ್‌ಗೆ ಬಂದು ನಿಲ್ಲುತ್ತದೆ. ನಮ್ಮವರು ಜಾಸ್ತಿ ಇರುವ ಆಲ್ಫರೆಟ್ಟಾ, ಜಾನ್ಸ್ ಕ್ರೀಕ್ ಎಲ್ಲ ಅದರಾಚೆ. ಅಲ್ಲಿಂದ ಕಾರೇ ಗತಿ.

ಹೀಗಿರುವಾಗ 2010ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು, ಸಾರಿಗೆ ಹೂಡಿಕೆ ಕಾಯ್ದೆ ಅಂತ. ಜಾರ್ಜಿಯಾದ 159 ಕೌಂಟಿಗಳನ್ನು 12 ಪ್ರದೇಶಗಳಾಗಿ ವಿಂಗಡಿಸಿದರು. ಪ್ರತಿ ಪ್ರದೇಶದ ಮೇಯರುಗಳು, ಕೌಂಟಿ ಮುಖ್ಯಸ್ಥರು ಒಟ್ಟಿಗೆ ಕುಳಿತು ಯಾವ ರಸ್ತೆ, ಯಾವ ಸೇತುವೆ, ಯಾವ ರೈಲು ಎಂದು ಪಟ್ಟಿ ಮಾಡಬೇಕು. ಈ ಕೂಟಕ್ಕೆ ಅವರು 'ರೌಂಡ್‌ಟೇಬಲ್' ಅಂದರು. ಆಮೇಲೆ ಆ ಪಟ್ಟಿಯನ್ನು ಜನರ ಮುಂದಿಟ್ಟು ಕೇಳಬೇಕು: ಇದಕ್ಕೆ 10 ವರ್ಷ ಒಂದು ಪೆನ್ನಿ ಕೊಡುತ್ತೀರಾ?

ಇಲ್ಲಿ 'ಪ್ರದೇಶ' ಅನ್ನುವ ಮಾತನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಳ್ಳಿ, ಎಲ್ಲರೂ ಜಾರಿದ್ದು ಇಲ್ಲೇ. ವೋಟು ಎಣಿಸುವುದು ಕೌಂಟಿ ಕೌಂಟಿಯಾಗಿ ಅಲ್ಲ, ಇಡೀ ಪ್ರದೇಶದ್ದನ್ನು ಒಂದೇ ರಾಶಿ ಹಾಕಿ. ನಿಮ್ಮ ಕೌಂಟಿ ಪೂರ್ತಿ 'ಬೇಡ' ಅಂದರೂ ಪ್ರದೇಶ 'ಬೇಕು' ಅಂದರೆ ನೀವೂ ಕೊಡಬೇಕು. ಉಲ್ಟಾ ಕೂಡ ಹಾಗೇ. ಅವಿಭಕ್ತ ಕುಟುಂಬದ ಖರ್ಚಿನ ಲೆಕ್ಕ ಇದು. ದೊಡ್ಡಣ್ಣನ ಮನೆಯ ಮಾಡು ರಿಪೇರಿಗೆ ಚಿಕ್ಕ ತಮ್ಮನೂ ಪಾಲು ಹಾಕಬೇಕು, ಮಾಡು ಸೋರುವುದು ತನ್ನ ತಲೆ ಮೇಲೆ ಅಲ್ಲದಿದ್ದರೂ.

ಅಟ್ಲಾಂಟಾ ಪ್ರದೇಶದಲ್ಲಿ 10 ಕೌಂಟಿಗಳು. ರೌಂಡ್‌ಟೇಬಲ್‌ನವರು 2011ರ ಅಕ್ಟೋಬರ್‌ನಲ್ಲಿ ಪಟ್ಟಿಯನ್ನು ಒಮ್ಮತದಿಂದ ಒಪ್ಪಿದರು: 157 ಕಾಮಗಾರಿ, ಸುಮಾರು 614 ಕೋಟಿ ಡಾಲರ್. ಬಂದ ದುಡ್ಡಿನಲ್ಲಿ ಶೇ. 85 ಈ ಪಟ್ಟಿಗೆ, ಉಳಿದ ಶೇ. 15 ಆಯಾ ಊರು, ಕೌಂಟಿಗಳ ಕೈಗೆ, ಗುಂಡಿ ಮುಚ್ಚಿಕೊಳ್ಳಲಿ ಅಂತ. ಪಟ್ಟಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದುಡ್ಡು ರೈಲು, ಬಸ್ಸಿಗೆ, ಉಳಿದದ್ದು ರಸ್ತೆಗೆ. ನಗರದವರಿಗೆ ಬೆಲ್ಟ್‌ಲೈನ್ ಎಂಬ, ಊರನ್ನು ಸುತ್ತುವ ಹಳೆಯ ರೈಲುಹಾದಿಯಲ್ಲಿ ಹೊಸ ರೈಲು, ಹೊರವಲಯದವರಿಗೆ ಹೆದ್ದಾರಿ 285 ಮತ್ತು ಜಾರ್ಜಿಯಾ 400 ಕೂಡುವ ಜಾಗದ ರಿಪೇರಿ, ಕ್ಲೇಟನ್ ಕೌಂಟಿಗೆ 2010ರಲ್ಲಿ ನಿಂತೇ ಹೋಗಿದ್ದ ಬಸ್ಸು ಮತ್ತೆ. ಮದುವೆ ಊಟದ ಎಲೆಯ ಹಾಗೆ, ಎಲ್ಲರಿಗೂ ಒಂದೊಂದು ಐಟಂ. ಯಾರಿಗೂ ಹೊಟ್ಟೆ ತುಂಬುವಷ್ಟು ಅಲ್ಲ.

ಪರವಾಗಿ ಯಾರಿದ್ದರು? ಡೆಮಾಕ್ರಾಟ್ ಮೇಯರ್ ಕಾಸಿಮ್ ರೀಡ್, ರಿಪಬ್ಲಿಕನ್ ಗವರ್ನರ್ ನೇಥನ್ ಡೀಲ್, ವ್ಯಾಪಾರಿಗಳ ಸಂಘ. 'ಅಟ್ಲಾಂಟಾದ ಗಂಟು ಬಿಚ್ಚಿ' ಅನ್ನುವುದು ಅವರ ಘೋಷಣೆ. ದುಡ್ಡು ನೀರಿನಂತೆ ಸುರಿದರು. ವಿರುದ್ಧ ಇದ್ದವರನ್ನು ನೋಡಿದರೆ ನಗು ಬರುತ್ತದೆ. ತೆರಿಗೆ ಅಂದರೆ ಕೆಂಡ ಕಾರುವ ಟೀ ಪಾರ್ಟಿಯವರು ಒಂದು ಕಡೆ. ಅವರ ಪಕ್ಕದಲ್ಲೇ, ಇದರಲ್ಲಿ ರಸ್ತೆ ಜಾಸ್ತಿ ಆಯಿತು ಅಂತ ಪರಿಸರದ ಸಿಯೆರಾ ಕ್ಲಬ್. ಇತ್ತ, ನಾವು 40 ವರ್ಷದಿಂದ ಮಾರ್ಟಾಗೆ ಪೆನ್ನಿ ಕೊಡುತ್ತಲೇ ಇದ್ದೇವೆ, ನಮ್ಮ ಕಡೆಗೆ ರೈಲು ಇನ್ನೂ ಬಂದಿಲ್ಲ, ಈಗ ಇನ್ನೊಂದು ಪೆನ್ನಿ ಯಾಕೆ ಅನ್ನುವ ಡಿಕಾಲ್ಬ್‌ನ ಎನ್‌ಎಎಸಿಪಿ, ಅಂದರೆ ಕರಿಯರ ಹಕ್ಕುಗಳಿಗೆ ಹೋರಾಡುವ ಸಂಘ. ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಒಂದೇ ಬಟನ್ ಒತ್ತಲು ಸಾಲಾಗಿ ನಿಂತರು.

ನನಗೆ ಎಲ್ಲಕ್ಕಿಂತ ಕುತೂಹಲದ ಸಂಗತಿ ತೆರಿಗೆ ಯಾವುದರ ಮೇಲೆ ಅನ್ನುವುದು. ರಸ್ತೆ ಮಾಡಲು ತೆರಿಗೆ, ಸರಿ. ಆದರೆ ರಸ್ತೆ ಮೇಲೆ ಓಡುವ ವಾಹನದ ಪೆಟ್ರೋಲಿಗೆ ಈ ತೆರಿಗೆ ಇಲ್ಲ! 2012ರ ಲೆಕ್ಕದಲ್ಲಿ ಕಾರು ಕೊಂಡರೆ ಮೊದಲ 5,000 ಡಾಲರಿಗೆ ಮಾತ್ರ. ಅಂದರೆ 30,000 ಡಾಲರಿನ ಕಾರಿಗೂ 50 ಡಾಲರಿನ ಮೇಲೆ ಹೋಗುತ್ತಿರಲಿಲ್ಲ. ದಿನಸಿಗೋ? ರಾಜ್ಯದ ಶೇ. 4 ದಿನಸಿಗೆ ಇಲ್ಲ, ಆದರೆ ಈ ಪೆನ್ನಿ ಇದೆ. ಒಂದು ಸೋನಾ ಮಸೂರಿ ಚೀಲಕ್ಕೆ 20 ಡಾಲರ್ ಅಂದರೆ 20 ಸೆಂಟು. ಸಣ್ಣದೇ, ನಿಜ. ಆದರೆ ಮನೆಯಲ್ಲೇ ಕೂತು ಅನ್ನ ಉಣ್ಣುವ ಅಜ್ಜಿಯೂ ಹೆದ್ದಾರಿಗೆ ಕೊಡುತ್ತಾಳೆ, ದಿನಾ ನೂರು ಮೈಲಿ ಓಡಿಸುವವನು ಪೆಟ್ರೋಲ್ ಹಾಕಿಸುವಾಗ ಕೊಡುವುದಿಲ್ಲ. ಇದು ಯಾವ ನ್ಯಾಯ ಅಂತ ಕೇಳಿದವರಿದ್ದರು. ನನಗೂ ಅವರ ಮಾತು ಸರಿ ಅನ್ನಿಸುತ್ತದೆ.

ಇನ್ನೊಂದು, ನಮ್ಮವರಿಗೇ ತಟ್ಟುವ ವಿಷಯ. ಎಚ್-1ಬಿ ವೀಸಾದಲ್ಲಿ ಇರುವವರು, ಗ್ರೀನ್ ಕಾರ್ಡ್ ಇರುವವರು ಇಂಡಿಯನ್ ಅಂಗಡಿಯ ಕೌಂಟರಿನಲ್ಲಿ ಈ ಪೆನ್ನಿ ಕೊಡಬೇಕು, ವೋಟು ಮಾತ್ರ ಇಲ್ಲ. ಪೌರತ್ವ ಬಂದ ಮೇಲೇ ಬಟನ್. ಹಾಗಾಗಿ 'ಲೋಕಲ್ ಆಪ್ಷನ್' ಅಂದಾಗ ಯಾರ ಆಪ್ಷನ್ ಅನ್ನುವ ಪ್ರಶ್ನೆ ಅವರ ಬಾಯಲ್ಲಿ ಬಂದರೆ ತಪ್ಪಿಲ್ಲ.

ಬ್ಯಾಲೆಟ್ಟಿನ ಮೇಲೂ ಜಗಳ ಆಯಿತು. ಪ್ರಶ್ನೆಯ ಮೇಲ್ಗಡೆ ಒಂದು ಪೀಠಿಕೆ ಸಾಲು ಹಾಕಿದ್ದರು, ಇದರಿಂದ ಕೆಲಸ ಹುಟ್ಟುತ್ತದೆ, ಟ್ರಾಫಿಕ್ ಕಡಿಮೆಯಾಗುತ್ತದೆ, ಜನರ ಕಣ್ಗಾವಲು ಇರುತ್ತದೆ ಅನ್ನುವ ಅರ್ಥದ್ದು. ಪ್ರಶ್ನೆಪತ್ರಿಕೆಯಲ್ಲೇ ಉತ್ತರ ಬರೆದುಕೊಟ್ಟ ಹಾಗೆ! ವಿರೋಧಿಗಳು ಕೋರ್ಟಿಗೂ ಹೋದರು.

ಆದರೆ ಪೆನ್ನಿಯನ್ನು ನಿಜವಾಗಿ ಮುಳುಗಿಸಿದ್ದು ಒಂದು ಟೋಲ್ ಗೇಟು ಅಂತ ನನ್ನ ಲೆಕ್ಕ. ಜಾರ್ಜಿಯಾ 400 ಹೆದ್ದಾರಿಯಲ್ಲಿ 1993ರಿಂದ 50 ಸೆಂಟು ಟೋಲ್ ಇತ್ತು. ಸಾಲ ತೀರಿದ ಮೇಲೆ, 2011ಕ್ಕೆ, ತೆಗೆಯುತ್ತೇವೆ ಅಂದಿದ್ದರು. 2010ರಲ್ಲಿ ಇನ್ನೂ ಸ್ವಲ್ಪ ದಿನ ಇರಲಿ ಅಂತ ಮುಂದುವರಿಸಿಬಿಟ್ಟರು. ದಿನಾ ಆ ಗೇಟಿನಲ್ಲಿ ಚಿಲ್ಲರೆ ಎಸೆದು ಹೋಗುವವನಿಗೆ ಈ ತೆರಿಗೆಯೂ ಹತ್ತೇ ವರ್ಷ ಅಂತ ಹೇಳಿದರೆ ಅವನು ಹೇಗೆ ನಂಬುತ್ತಾನೆ? 2012ರ ಜುಲೈನಲ್ಲಿ, ವೋಟಿಗೆ ಕೆಲವೇ ದಿನ ಇರುವಾಗ, ಟೋಲ್ ತೆಗೆಯುತ್ತೇವೆ ಅಂತ ಗವರ್ನರ್ ಘೋಷಿಸಿದರು. ತೆಗೆದದ್ದೂ ನಿಜ, 2013ರ ನವೆಂಬರ್‌ನಲ್ಲಿ. ಆದರೆ ಅಷ್ಟು ಹೊತ್ತಿಗೆ ಆಗಬೇಕಾದ್ದು ಆಗಿಹೋಗಿತ್ತು.

2012ರ ಜುಲೈ 31, ಮಂಗಳವಾರ. ಅಟ್ಲಾಂಟಾ ಪ್ರದೇಶದಲ್ಲಿ ಸುಮಾರು ಶೇ. 63 ಮಂದಿ 'ಬೇಡ' ಅಂದರು. (ಅದಾದ ಒಂದೇ ತಿಂಗಳಿಗೆ 'ಅಕ್ಕ' ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಅದೇ ಊರಲ್ಲಿ, ಬಂದವರೆಲ್ಲ ಅದೇ ಟ್ರಾಫಿಕ್ಕಿನಲ್ಲಿ ಕೂತಿರುತ್ತಾರೆ ಬಿಡಿ.) ರಾಜ್ಯದ 12 ಪ್ರದೇಶಗಳಲ್ಲಿ 9 ಕಡೆ ಸೋಲು. ಗೆದ್ದದ್ದು ಮೂರೇ ಕಡೆ, ಅಗಸ್ಟಾ ಸುತ್ತಿನ ಪ್ರದೇಶ, ಕೊಲಂಬಸ್ ಸುತ್ತಿನ ಪ್ರದೇಶ, ಮತ್ತೆ ನಡುವಿನ ಹಳ್ಳಿಗಾಡು, ಒಟ್ಟು 46 ಕೌಂಟಿ. ಅಲ್ಲಿ ರೈಲಿನ ಜಗಳ ಇರಲಿಲ್ಲ. ಪಟ್ಟಿಯಲ್ಲಿ ಇದ್ದದ್ದು ಬಹುಪಾಲು ಜನ ದಿನಾ ಓಡಾಡುವ ರಸ್ತೆ, ಸೇತುವೆ. ಹತ್ತು ವರ್ಷ ಮುಗಿಯುತ್ತಾ ಬಂದಾಗ ಮೂರೂ ಕಡೆಯವರು ಮತ್ತೆ 'ಬೇಕು' ಅಂದರು.

'ಬೇಡ' ಅಂದವರಿಗೆ ಒಂದು ಏಟೂ ಇತ್ತು. ರಸ್ತೆ ರಿಪೇರಿಗೆ ರಾಜ್ಯದಿಂದ ಅನುದಾನ ಬರುವಾಗ ಊರಿನವರು ತಮ್ಮ ಪಾಲು ಹಾಕಬೇಕಲ್ಲ, ಗೆದ್ದ ಪ್ರದೇಶದವರು ಶೇ. 10 ಹಾಕಿದರೆ ಸಾಕು, ಸೋತವರು ಶೇ. 30. ಆಪ್ಷನ್ ಅಂತ ಕೊಟ್ಟು ಕಿವಿಯನ್ನೂ ಹಿಂಡುವುದು ಅಂದರೆ ಇದೇ. ಕಾಯ್ದೆಯಲ್ಲಿ ನನಗೆ ಹಿಡಿಸದ ಭಾಗ ಇದು.

ಹಾಗೆ ನೋಡಿದರೆ ಜಾರ್ಜಿಯಾದಲ್ಲಿ ಗೆಲ್ಲುವುದು ಸುಲಭ, ಅರ್ಧಕ್ಕಿಂತ ಒಂದು ವೋಟು ಜಾಸ್ತಿ ಬಂದರೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಇಂಥ ತೆರಿಗೆಗೆ ಮೂರನೇ ಎರಡು ಭಾಗ ಬೇಕಿತ್ತು. ಅದೇ 2012ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಕೌಂಟಿಯ 'ಮೆಷರ್ ಜೆ'ಗೆ ಶೇ. 66.1 ವೋಟು ಬಂತು. ಬೇಕಿದ್ದದ್ದು 66.67. ಸೋಲು!

ಅಟ್ಲಾಂಟಾದಲ್ಲಿ ಆಮೇಲೆ ಆದದ್ದು ಮನೆ ಪಾಲು. ಕ್ಲೇಟನ್ ಕೌಂಟಿ 1971ರಲ್ಲಿ ಮಾರ್ಟಾ ಬೇಡ ಅಂದಿತ್ತು. ಗ್ವಿನೆಟ್ ಕೂಡ ಬೇಡ ಅಂದಿತ್ತು, ಅದರಲ್ಲಿ ಬಿಳಿ-ಕರಿಯರ ನಡುವಿನ ಅಪನಂಬಿಕೆಯ ಪಾಲು ದೊಡ್ಡದು. ಅದೇ ಕ್ಲೇಟನ್ 2014ರಲ್ಲಿ ಒಬ್ಬಂಟಿಯಾಗಿ ಪೆನ್ನಿ ಹಾಕಿ ಮಾರ್ಟಾಗೆ ಸೇರಿತು. 2016ರಲ್ಲಿ ಅಟ್ಲಾಂಟಾ ನಗರ ತನಗಷ್ಟೇ ಮಾರ್ಟಾಗೆ ಅರ್ಧ ಪೆನ್ನಿ, ರಸ್ತೆ-ಫುಟ್‌ಪಾತಿಗೆ 0.4 ಪೆನ್ನಿ ಹಾಕಿಕೊಂಡಿತು. ಫುಲ್ಟನ್‌ನ ಉಳಿದ ಊರುಗಳು ಮುಕ್ಕಾಲು ಪೆನ್ನಿ. ತನ್ನ ರಸ್ತೆಗೆ ತನ್ನ ಪೆನ್ನಿ ಅಂದಾಗ ಜನ ಸಲೀಸಾಗಿ 'ಹೌದು' ಅಂದರು. ಎಲ್ಲ ಕಡೆ ಅಲ್ಲ ಮತ್ತೆ. 2024ರ ನವೆಂಬರ್‌ನಲ್ಲಿ ಗ್ವಿನೆಟ್ ಮತ್ತು ಕಾಬ್ ಕೌಂಟಿಗಳ ಜನರನ್ನು ಬಸ್ಸು ಜಾಸ್ತಿ ಮಾಡಲು 30 ವರ್ಷದ ಪೆನ್ನಿ ಕೇಳಿದಾಗ, ಎರಡೂ 'ಬೇಡ' ಅಂದವು.

ಹೀಗಾಗಿ ಈಗ ಟಿ-ಸ್ಪ್ಲಾಸ್ಟ್ ಅನ್ನುವ ಒಂದೇ ಪದಕ್ಕೆ ಅಲ್ಲಿ ಎರಡು ಅರ್ಥ. ಅಗಸ್ಟಾ, ಕೊಲಂಬಸ್ ಕಡೆಯವರು ಹೇಳಿದರೆ ಅದು ಇಡೀ ಪ್ರದೇಶ ಒಂದಾಗಿ ಕೊಡುವ ಪೂರ್ತಿ ಪೆನ್ನಿ. ಆಲ್ಫರೆಟ್ಟಾದಲ್ಲಿರುವ ನಿಮ್ಮ ಭಾವ ಹೇಳಿದರೆ ಅದು ಅವರ ಊರು, ಅವರ ಕೌಂಟಿಯ ಮುಕ್ಕಾಲು ಪೆನ್ನಿ. ಬಿಲ್ಲಿನಲ್ಲಿ ಇದಕ್ಕೇ ಅಂತ ಬೇರೆ ಸಾಲು ಇರುವುದಿಲ್ಲ, ಎಲ್ಲವೂ ಕೆಳಗಿನ 'ಟ್ಯಾಕ್ಸ್' ಅನ್ನುವ ಒಂದೇ ಅಂಕಿಯೊಳಗೆ ಕೂತಿರುತ್ತದೆ.