ಎರಡು ಟಾರ್ಚ್‌ಗಳ ಬೆಳಕು ಡಿಕ್ಕಿ ಹೊಡೆಯುತ್ತದೆಯೇ?

ಪ್ರಶ್ನೆ: ಎರಡು ಟಾರ್ಚ್‌ಗಳ ಬೆಳಕನ್ನು ಕತ್ತರಿಯಂತೆ ಹಾಯಿಸಿದರೆ, ಅವು ಸಂಧಿಸುವಲ್ಲಿ ಏನಾಗುತ್ತದೆ?

ಏನೂ ಆಗುವುದಿಲ್ಲ. ಒಂದರೊಳಗಿಂದ ಇನ್ನೊಂದು ತೂರಿ ತನ್ನ ಪಾಡಿಗೆ ಹೋಗುತ್ತದೆ. ಇದನ್ನು ಎಷ್ಟನೆಯ ಸಲ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ.

ಬರೆದಾಗಲೆಲ್ಲ ಅದೇ ಮರುಸವಾಲು: “ಸಂಧಿಸುವ ಜಾಗ ಹೆಚ್ಚು ಹೊಳೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಡಿಕ್ಕಿಯಾಗದೆ ಅದು ಹೇಗೆ?” ‘ಬಿಸಿಲುಕೋಲು’ ಎಂಬ ಮಾತೇ ನಮ್ಮನ್ನು ಕೆಡಿಸಿತೇನೋ, ಕೋಲಿಗೆ ಕೋಲು ತಗುಲಿದರೆ ಕೋಲಾಟದಲ್ಲಿಯಂತೆ ಸದ್ದಾಗಲೇಬೇಕಲ್ಲ! ಹೆಂಚಿನ ಸಂದಿಯಿಂದ ಇಳಿಯುವ ಆ ಕೋಲಿನಲ್ಲಿ ನೀವು ಕಾಣುವುದು ದೂಳು ಚದುರಿಸಿದ ಬೆಳಕನ್ನು. ಟಾರ್ಚ್‌ನದೂ ಅದೇ ಕಥೆ. ಸಂಧಿಸುವಲ್ಲಿರುವ ದೂಳಿನ ಮೇಲೆ ಎರಡರ ಬೆಳಕೂ ಬೀಳುತ್ತದೆ, ಅದು ಹೆಚ್ಚು ಹೊಳೆಯುತ್ತದೆ. ಅಷ್ಟೇ.

ನಂಬಿಕೆಯಿಲ್ಲವೇ? ಒಂದು ಟಾರ್ಚ್‌ಗೆ ಕೆಂಪು, ಇನ್ನೊಂದಕ್ಕೆ ಹಸಿರು ಜಿಲೆಟಿನ್ ಹಾಳೆ ಸುತ್ತಿ, ನಡುವೆ ಊದುಬತ್ತಿ ಹಚ್ಚಿಡಿ. ಸಂಧಿಯಲ್ಲಿನ ಹೊಗೆ ಹಳದಿಗೆ ತಿರುಗುತ್ತದೆ. ಗೋಡೆಯ ಮೇಲಿನ ಬಿಲ್ಲೆಗಳು? ಕೆಂಪು ಕೆಂಪಾಗಿಯೇ, ಹಸಿರು ಹಸಿರಾಗಿಯೇ ಇರುತ್ತವೆ. ಒಂದು ಟಾರ್ಚ್ ಆರಿಸಿ. ಇನ್ನೊಂದರ ಬಿಲ್ಲೆ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಅಷ್ಟೇಕೆ, ಈ ಅಕ್ಷರಗಳಿಗೂ ನಿಮ್ಮ ಕಣ್ಣಿಗೂ ನಡುವೆ ಕಿಟಕಿಯ ಬೆಳಕು, ಬಲ್ಬಿನ ಬೆಳಕು ಅಡ್ಡ ಹಾಯುತ್ತಲೇ ಇವೆ. ಡಿಕ್ಕಿಯ ಮಾತು ನಿಜವಾಗಿದ್ದರೆ ಓದುವುದಿರಲಿ, ಎದುರಿಗಿರುವವರ ಮುಖವೂ ಕಾಣುತ್ತಿರಲಿಲ್ಲ.

“ಹಾಗಾದರೆ ಯಂಗ್ ಪ್ರಯೋಗದ ಕಪ್ಪು ಪಟ್ಟಿಗಳು?” ಎಂದು ಪಿಯುಸಿ ಮಕ್ಕಳು ಕೇಳುತ್ತಾರೆ. ಕೇಳಿದರೆ ಖುಷಿಯೇ. ಒಂದೇ ದೀಪದ ಬೆಳಕನ್ನು ಎರಡು ಸಣ್ಣ ಸೀಳುಗಳಿಂದ ಹಾಯಿಸಿದರೆ ಪರದೆಯ ಮೇಲೆ ಕಪ್ಪು, ಬೆಳ್ಳನೆಯ ಪಟ್ಟಿಗಳು ಮೂಡುವ ಪ್ರಯೋಗವದು. ವ್ಯತಿಕರಣ, ಅಂದರೆ ಅಲೆಗಳು ಕೂಡಿ ಹೆಚ್ಚುವುದು ಇಲ್ಲವೇ ಕುಗ್ಗುವುದು, ನಡೆಯುವುದು ಅಲೆಗಳು ಒಂದರ ಮೇಲೊಂದು ಬಿದ್ದಿರುವ ಜಾಗದಲ್ಲಿ ಮಾತ್ರ. ಕಪ್ಪು ಪಟ್ಟಿಯಲ್ಲಿ ಬೆಳಕು ಸತ್ತಿಲ್ಲ, ಅಲ್ಲಿನ ಶಕ್ತಿ ಪಕ್ಕದ ಬೆಳ್ಳನೆಯ ಪಟ್ಟಿಗೆ ಸೇರಿದೆ. ಬೇರೆ ಬೇರೆ ಟಾರ್ಚ್‌ಗಳ ಅಲೆಗಳಿಗೆ ಹೆಜ್ಜೆಯೇ ಕೂಡದ ಕಾರಣ ಗೋಡೆಯ ಮೇಲೆ ಆ ಪಟ್ಟಿಗಳೂ ಕಾಣುವುದಿಲ್ಲ.

‘ಏನೂ ಆಗುವುದಿಲ್ಲ’ ಎಂದೆನಲ್ಲ, ಅದಕ್ಕೆ ಒಂದು ತಿದ್ದುಪಡಿ ಇದೆ. ಬೆಳಕು ಬೆಳಕನ್ನು ಚದುರಿಸುವುದು ತೀರಾ ಅಪರೂಪಕ್ಕೆ ಸಾಧ್ಯವೆಂದು ಭೌತವಿಜ್ಞಾನಿಗಳಾದ ಹೈಸನ್‌ಬರ್ಗ್ ಮತ್ತು ಹಾನ್ಸ್ ಆಯ್ಲರ್ ಅವರ 1936ರ ಲೆಕ್ಕ ಹೇಳುತ್ತದೆ. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಅಟ್ಲಾಸ್ ತಂಡ ಸೀಸದ ಅಯಾನುಗಳನ್ನು (ವಿದ್ಯುದಂಶ ಹೊತ್ತ ಪರಮಾಣುಗಳನ್ನು) ಒಂದರ ಪಕ್ಕ ಇನ್ನೊಂದು ಹಾಯಿಸಿ, ಅವುಗಳ ಜೊತೆಗೆ ಸಾಗುವ ಬೆಳಕಿನ ಕಣಗಳನ್ನು ಸಂಧಿಸುವಂತೆ ಮಾಡಿ 2019ರಲ್ಲಿ ಅದನ್ನು ಖಚಿತಪಡಿಸಿತು. ಸಿಕ್ಕ ಘಟನೆಗಳು 59, ಅವುಗಳಲ್ಲೂ ಹತ್ತು-ಹನ್ನೆರಡು ಬೇರೆ ಕಾರಣದವು. ನಿಮ್ಮ ಟಾರ್ಚ್ ಅಲ್ಲಿಗೆ ಮುಟ್ಟುವುದಿಲ್ಲ.

ಯಾರೂ ಕೇಳದ ಪ್ರಶ್ನೆಯೊಂದಿದೆ: ಶಬ್ದ ಬೆಳಕನ್ನು ತಿರುಗಿಸೀತೇ? ಖಂಡಿತ. ದ್ರವದಲ್ಲಿ ಶ್ರವಣಾತೀತ ತರಂಗ, ಅಂದರೆ ಕಿವಿಗೆ ಕೇಳಿಸದಷ್ಟು ಕೀರಲು ಶಬ್ದ, ಹರಿದಾಗ ಆ ದ್ರವ ಪದರ ಪದರವಾಗಿ ದಟ್ಟವೂ ವಿರಳವೂ ಆಗುತ್ತದೆ. ಅಡ್ಡ ಹಾಯ್ದ ಬೆಳಕು ಪರದೆಯ ಮೇಲೆ ಚುಕ್ಕಿಗಳ ಸಾಲಾಗಿ ಒಡೆಯುತ್ತದೆ. ಹೀಗೇಕೆಂದು 1935-36ರಲ್ಲಿ ಬೆಂಗಳೂರಿನಲ್ಲಿದ್ದುಕೊಂಡು ವಿವರಿಸಿದವರು ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್. ಶಬ್ದ ನಿಲ್ಲಿಸಿ, ಸಾಲು ಮತ್ತೆ ಒಂದೇ ಚುಕ್ಕಿಯಾಗುತ್ತದೆ.